ಅಗ್ಗದ ಪ್ಲಾನ್ ಹುಡುಕುವ ಮುಂಚೆ

ಚಿ. ಸುಹಾಸನಿಗೆ ಆಶೀರ್ವಾದಗಳು.

ಯುರೋಪ್ ಪ್ರವಾಸಕ್ಕೆ ಮೊಬೈಲ್ ಡೇಟಾ ಪ್ಲಾನ್‌ಗಳ ಒಂದು ರಾಶಿ ಸ್ಕ್ರೀನ್‌ಶಾಟ್ ಕಳಿಸಿ "ಯಾವುದು ಅಗ್ಗ ಹೇಳಿ ದೊಡ್ಡಮ್ಮ" ಅಂತ ಕೇಳಿದ್ದೀಯ. ಅಗ್ಗ ಯಾವುದು ಅನ್ನೋದು ನಿನಗೇ ಕಾಣುತ್ತದೆ. ನಾನು ಮೊದಲು ನೋಡುವುದು ನಿನ್ನ ಈಗಿನ ನಂಬರ್ ಗತಿ ಏನು ಅಂತ. ಬ್ಯಾಂಕಿನ ಓಟಿಪಿ ಬರುವುದು ಅದಕ್ಕೇ ಅಲ್ವಾ? ರೈಲು ಟಿಕೆಟ್ ಬುಕ್ ಮಾಡುವಾಗ ಓಟಿಪಿ ಬರಲೇ ಇಲ್ಲ ಅಂದರೆ, 20 ಜಿಬಿ ಡೇಟಾ ಇಟ್ಟುಕೊಂಡು ಏನು ಮಾಡ್ತೀಯ?

ಹಾಗಾಗಿ ಹಳೇ ಸಿಮ್ ತೆಗೆದಿಡಬೇಡ. ಹೊರಡುವ ಮುಂಚೆಯೇ ಸಿಮ್ ಕಂಪನಿಯವರಿಗೆ ಹೇಳಿ ಅದಕ್ಕೆ ರೋಮಿಂಗ್ ಹಾಕಿಸು. ಆದರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ ಸಿಮ್‌ನ ಡೇಟಾ ರೋಮಿಂಗ್ ಆಫ್ ಇರಲಿ. ರೋಮಿಂಗ್ ಅಂದರೆ ಹೊರದೇಶದಲ್ಲೂ ಆ ನಂಬರ್ ನಡೆಯುವುದು, ಡೇಟಾ ರೋಮಿಂಗ್ ಅಂದರೆ ಅಲ್ಲಿ ಆ ಸಿಮ್‌ನಿಂದ ಇಂಟರ್‌ನೆಟ್ ಓಡುವುದು. ಎರಡೂ ಒಂದೇ ಅಂದುಕೊಂಡು ಕೆಡುವವರೇ ಜಾಸ್ತಿ. ಬರುವ ಎಸ್ಸೆಮ್ಮೆಸ್‌ಗೆ ಸಾಮಾನ್ಯವಾಗಿ ದುಡ್ಡಿಲ್ಲ. ಬಂದ ಕರೆ ಎತ್ತಿದರೆ ದುಡ್ಡು ಬೀಳಬಹುದು, ಕಂಪನಿಯವರನ್ನು ಕೇಳಿಕೋ.

ಡೇಟಾಗೆ ಬೇರೆ ಇ-ಸಿಮ್ ತಗೋ, ಅಂದರೆ ಕಾರ್ಡ್ ಹಾಕದೆ ಫೋನಿಗೇ ಇಳಿಸಿಕೊಳ್ಳುವ ಸಿಮ್. ಎರಡು ಮೂರು ದಿನದ ಓಡಾಟವಾದರೆ ಬಳಸಿದ ದಿನಕ್ಕೆ ಇಷ್ಟು ಅಂತ ದುಡ್ಡು ಕೊಡುವ ಕಂಪನಿಯ ಡೇ ಪಾಸ್ ಸಾಕು, ನಿನ್ನದು ಹಾಗಲ್ಲ. ಡೇ ಪಾಸ್‌ನಲ್ಲಿ ಇನ್ನೊಂದು ಕಾಟ ಇದೆ. ನೀನು ಫೋನ್ ಮುಟ್ಟದಿದ್ದರೂ ಫೋಟೋ ಬ್ಯಾಕಪ್ ತಾನಾಗಿ ಶುರುವಾದರೆ ಆ ದಿನದ ದುಡ್ಡು ಹೋಯ್ತು. ದಿನ ಅಂದರೆ 24 ಗಂಟೆಯಾ, ಮಧ್ಯರಾತ್ರಿವರೆಗಾ, ಅದೂ ಯಾವ ದೇಶದ ಮಧ್ಯರಾತ್ರಿ ಅನ್ನೋದನ್ನೂ ಓದಬೇಕು.

ಡಯಲ್ ಮಾಡೋ ಕಡೆ *#06# ಒತ್ತು. ಇಐಡಿ ಅಂತ 32 ಅಂಕಿಯ ಇ-ಸಿಮ್ ಗುರುತಿನ ಸಂಖ್ಯೆ ಬಂದರೆ ನಿನ್ನ ಫೋನಿಗೆ ಇ-ಸಿಮ್ ಆಗುತ್ತದೆ. ಫೋನ್ ಒಂದೇ ಕಂಪನಿಗೆ ಲಾಕ್ ಆಗಿದ್ದರೆ ಮಾತ್ರ ಬೇರೆಯವರ ಸಿಮ್ ನಡೆಯಲ್ಲ. ಅವರು ಕಳಿಸುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಮನೆಯ ವೈಫೈನಲ್ಲೇ ಇ-ಸಿಮ್ ಇನ್‌ಸ್ಟಾಲ್ ಮಾಡಿಕೋ, ಅದಕ್ಕೂ ಇಂಟರ್‌ನೆಟ್ ಬೇಕು. ಅಲ್ಲಿ ಇಳಿದ ಮೇಲೆ ಇ-ಸಿಮ್‌ನ ಡೇಟಾ ರೋಮಿಂಗ್ ಆನ್ ಮಾಡು. ನೆಟ್ ಬರಲಿಲ್ಲ ಅಂತ ಸಿಟ್ಟಿಗೆ ಡಿಲೀಟ್ ಮಾಡಬೇಡ ಮಾರಾಯ. ಎಷ್ಟೋ ಕಡೆ ಅದೇ ಕ್ಯೂಆರ್ ಕೋಡ್ ಎರಡನೇ ಸಲ ನಡೆಯಲ್ಲ. ನಂಬರ್ ಬದಲಿಸಬೇಕಾ ಅಂತ ವಾಟ್ಸಾಪ್ ಕೇಳಿದರೆ ಬೇಡ ಅನ್ನು, ಹಳೇ ನಂಬರ್‌ನಲ್ಲೇ ನಡೆಯುತ್ತದೆ.

'ಅನ್‌ಲಿಮಿಟೆಡ್' ಅಂತ ದಪ್ಪಕ್ಷರದಲ್ಲಿ ಇರುವುದನ್ನು ನಂಬಬೇಡ. ಕೆಳಗೆ ಸಣ್ಣಕ್ಷರದಲ್ಲಿ ದಿನಕ್ಕೆ ಇಷ್ಟು, ಆಮೇಲೆ ವೇಗ ಬರೀ 128 ಕೆಬಿಪಿಎಸ್ ಅಂತಲೋ ಏನೋ ಇರುತ್ತದೆ. ಆ ವೇಗಕ್ಕೆ ಮೆಸೇಜ್ ಹೋಗುತ್ತದೆ, ಮ್ಯಾಪ್ ತೆವಳುತ್ತದೆ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೋ. ಡೇಟಾ ತಿನ್ನುವುದು ಮ್ಯಾಪ್ ಅಲ್ಲ, ವಿಡಿಯೋ. ಎಚ್‌ಡಿಯಲ್ಲಿ ನೋಡಿದರೆ ಗಂಟೆಗೆ 3 ಜಿಬಿವರೆಗೂ ಹೋಗಬಹುದು. ಹೋದಲ್ಲೂ ಅದನ್ನೇ ನೋಡ್ತೀಯಾ ಅಂದರೆ ನಾನೇನೂ ಹೇಳಲ್ಲ.

ದೇಶಗಳ ಪಟ್ಟಿ ಒಂದೊಂದೇ ಓದು. 'ಯುರೋಪ್ ಪ್ಲಾನ್' ಅಂದಮಾತ್ರಕ್ಕೆ ಸ್ವಿಟ್ಜರ್ಲೆಂಡ್ ಸೇರಿರಬೇಕು ಅಂತೇನಿಲ್ಲ. 2017ರ ಜೂನ್‌ನಿಂದ ಐರೋಪ್ಯ ಒಕ್ಕೂಟದೊಳಗೆ ಜಾಸ್ತಿ ರೋಮಿಂಗ್ ದುಡ್ಡಿಲ್ಲ ಅನ್ನೋ ನಿಯಮ ಇರೋದು ಅಲ್ಲಿನ ಸಿಮ್‌ಗಳಿಗೆ. ಸ್ವಿಟ್ಜರ್ಲೆಂಡ್ ಒಕ್ಕೂಟದಲ್ಲಿಲ್ಲ. ಪ್ಯಾರಿಸ್‌ನಿಂದ ಜಿನೀವಾಕ್ಕೆ ರೈಲಿನಲ್ಲಿ ಹೋಗುವಾಗ ಫೋನ್ ಸದ್ದಿಲ್ಲದೆ ಸ್ವಿಟ್ಜರ್ಲೆಂಡಿನ ಟವರ್ ಹಿಡಿದಿರುತ್ತದೆ.

ವಿಮಾನ, ಹಡಗು ಹತ್ತಿದ ಕೂಡಲೇ ಏರ್‌ಪ್ಲೇನ್ ಮೋಡ್ ಹಾಕು. ಅಲ್ಲಿ ಸಿಗುವ ಸಿಗ್ನಲ್ ಉಪಗ್ರಹದ್ದು. ಸಾಮಾನ್ಯ ಪ್ಲಾನ್‌ಗಳಲ್ಲಿ ಅದು ಸೇರಿರುವುದಿಲ್ಲ, ರೇಟೂ ವಿಪರೀತ. ಪಟ್ಟಿ ಓದಿದ ಮೇಲೆ ಉಳಿದ ಎರಡು ಪ್ಲಾನ್ ಯಾವುವು ಅಂತ ಬರಿ.

ಇತಿ,
ನಿನ್ನ ದೊಡ್ಡಮ್ಮ