ಮಗಳಿಗೊಂದು ಪತ್ರ: ಹಿಮ್ಮಡಿಯ ಗಾಯ

ವಾಸ್ಕೊ

ಚಿರಂಜೀವಿ ಮಗಳಿಗೆ ಅಪ್ಪನ ಆಶೀರ್ವಾದಗಳು.

ಭಾನುವಾರ ನೆಂಟರ ಮುಂದೆ ನಿನ್ನ ಸಿಂಪಿ ಸಾಕಣೆಯ ಬಗ್ಗೆ ನಾನು ಸಿಟ್ಟಿನಲ್ಲಿ ಆಡಿದ ಮಾತನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಈ ವಾರ ನೀನು ಝುವಾರಿ ನದಿಯಲ್ಲಿ ಸಿಂಪಿ ಬೆಳೆಸುವ ಹೊಸ ಹಗ್ಗಗಳನ್ನು ಇಳಿಬಿಡುವೆಯೆಂದು ನಿನ್ನ ಅವ್ವನಿಂದ ತಿಳಿಯಿತು. ನೀನು ನೀರಿಗಿಳಿಯುವ ಮೊದಲೇ ಇದು ಕೈಸೇರಲಿ.

ವಸತಿ ಸಮುಚ್ಚಯವೊಂದರ ಕೊಳಚೆ ನದಿಗೆ ಹರಿದಾಗ ಮಾರಾಟಕ್ಕೆ ಸಿದ್ಧವಾಗಿದ್ದ ಸಿಂಪಿಯನ್ನೆಲ್ಲ ನೀನು ತಡೆಹಿಡಿದೆ. ಒಂದು ದಿನ ಶುದ್ಧ ನೀರಿನಲ್ಲಿಟ್ಟು ಮಾರಿದರಾಯಿತೆಂದು ನಾನು ವಾದಿಸಿದೆ. ಹಾಗೆ ಇಟ್ಟರೆ ಬ್ಯಾಕ್ಟೀರಿಯಾ ಬಹುಮಟ್ಟಿಗೆ ಹೋದರೂ ವೈರಾಣುಗಳು ಉಳಿಯುತ್ತವೆ ಎಂದು ನೀನು ಹೇಳಿದ್ದು, ಬಂದರಿನ ಕಚೇರಿಯಲ್ಲಿ ಲೆಕ್ಕ ಬರೆದೇ ಮುದುಕನಾದ ನನಗೆ ಅಂದು ಕೇಳಿಸಲಿಲ್ಲ, ನಷ್ಟದ ಮೊತ್ತವಷ್ಟೇ ಕೇಳಿಸಿತು. ಮೇವು, ಗೊಬ್ಬರ ಏನನ್ನೂ ಬೇಡದೆ, ನೀರು ಸೋಸಿ ಅದರಲ್ಲಿನ ಸೂಕ್ಷ್ಮ ಪಾಚಿಯನ್ನು ತಿಂದು ಬೆಳೆಯುವ ಜೀವಿ, ನದಿಯನ್ನು ತಿಳಿಗೊಳಿಸುತ್ತಲೇ ಜನರ ಹೊಲಸನ್ನೂ ಒಡಲಿಗೆ ಎಳೆದುಕೊಳ್ಳುತ್ತದೆ. ತಪ್ಪು ನನ್ನದು. ನಿನ್ನ ನಿರ್ಧಾರವನ್ನು ಕಚೇರಿಯ ಹಳೆಯ ಗೆಳೆಯರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ. ನಿನಗೆ ಮಾತ್ರ ಹೇಳಿರಲಿಲ್ಲ.

ಆದರೆ ನನ್ನ ಸಿಟ್ಟಿನ ಬೇರು ಹಣದಲ್ಲಿಲ್ಲ. ಮೂರು ವರ್ಷದ ಹಿಂದೆ ಇಳಿತದ ಹೊತ್ತಿನಲ್ಲಿ ಬರಿಗಾಲಲ್ಲಿ ಇಳಿದು, ಚಿಪ್ಪಿನ ಅಂಚಿಗೆ ಹಿಮ್ಮಡಿ ಸೀಳಿಕೊಂಡು, ಗಾಯವನ್ನು ಅದೇ ನದಿಯ ನೀರಿನಲ್ಲಿ ತೊಳೆದು ಟವೆಲು ಸುತ್ತಿ ಸಂಜೆಯವರೆಗೆ ದುಡಿದೆಯಲ್ಲ. ಬೆಚ್ಚಗಿನ ಉಪ್ಪುನೀರಿನ ವಿಬ್ರಿಯೊ ಎಂಬ ಬ್ಯಾಕ್ಟೀರಿಯಾ ಗಾಯದ ಮೂಲಕ ರಕ್ತಕ್ಕಿಳಿಯಬಹುದೆಂದು ವೈದ್ಯರು ಅಂದ ರಾತ್ರಿ, ನರ್ಸಮ್ಮ ನಿನ್ನ ಕಾಲಿನ ಕೆಂಪು ಎಲ್ಲಿಯವರೆಗೆ ಏರಿದೆಯೆಂದು ಪೆನ್ನಿನಿಂದ ಗೆರೆ ಎಳೆದು ಹೋದರು. ಬೆಳಗಿನವರೆಗೆ ನಾನು ಆ ಗೆರೆಯನ್ನೇ ನೋಡುತ್ತ ಕುಳಿತಿದ್ದೆ. ಒಮ್ಮೆ ಕೆಂಪು ಆ ಗೆರೆಯನ್ನು ದಾಟಿತೆನಿಸಿ ಅವರನ್ನು ಕೂಗಿದೆ; ಅದು ದೀಪದ ನೆರಳು. ಈಗಲೂ ನೀನು ಫೋನ್ ಎತ್ತದಿದ್ದರೆ ಕಣ್ಣಿಗೆ ಬರುವುದು ಆ ನೀಲಿ ಗೆರೆ.

ಆದ್ದರಿಂದ ಬೂಟು, ದಪ್ಪ ಕೈಗವಸು ಇಲ್ಲದೆ ಇಳಿಯಬೇಡ. ಸಣ್ಣ ಗೀರಾದರೂ ಶುದ್ಧ ನೀರು, ಸಾಬೂನಿನಿಂದ ತೊಳೆದು ದಡಕ್ಕೆ ಬಾ. ಜೂನ್ ಮಳೆಗೆ ನದಿ ಸಿಹಿಯಾದರೆ ಸಿಂಪಿ ಸಾಯುವುದರಿಂದ, ಮೇ ತಿಂಗಳೊಳಗೆ ಬೆಳೆದಷ್ಟನ್ನು ತೆಗೆದುಬಿಡು, ಇನ್ನಷ್ಟು ದಪ್ಪವಾಗಲೆಂದು ಆಸೆಪಡಬೇಡ. ಸಾಲದ ಕಂತು ಮಳೆಗಾಲಕ್ಕೆ ಬೀಳದಂತೆ ಮಾತಾಡಿಕೊ. ನೀರಿನ ಪರೀಕ್ಷೆಯ ವರದಿಗಳನ್ನು ತಾರೀಖಿನ ಪ್ರಕಾರ ಕಡತದಲ್ಲಿಡು. ನೀನೇ ನನಗೆ ಕಲಿಸಿದ್ದನ್ನು ನಿನಗೇ ಬೋಧಿಸುತ್ತಿದ್ದೇನೆ, ಗೊತ್ತು.

ಮರಿಗಳು ಅಂಟಿಕೊಳ್ಳಲೆಂದು ನೀನು ಬಿಟ್ಟುಹೋದ ಹಳೆಯ ಚಿಪ್ಪುಗಳಿಗೆ ತೂತು ಕೊರೆದು, ಮೀನಿನ ವಾಸನೆಯನ್ನೇ ತಾಳದ ನಿನ್ನ ಅವ್ವ ಮೂಗಿಗೆ ಸೆರಗು ಕಟ್ಟಿಕೊಂಡು ಪೋಣಿಸಿದ್ದಾಳೆ. ಕೊನೆಯ ಎರಡು ಹಗ್ಗ ನಾನು ಪೋಣಿಸಿದ್ದು. ಗಂಟುಗಳನ್ನು ಒಮ್ಮೆ ಎಳೆದು ನೋಡು.

ನಿನ್ನ ಅಪ್ಪ