ಪಾಪುವಿನ ತೋಳಿನ ಹಳದಿ ಪಟ್ಟಿ

ಮಸ್ಕತ್
ಶುಕ್ರವಾರ ರಾತ್ರಿ

ಪ್ರೀತಿಯ ತಮ್ಮನಿಗೆ,

ನಾನು ಚೆನ್ನಾಗಿದ್ದೇನೆ. ಬಿಸಿಲು ಮಾತ್ರ ನಮ್ಮ ಚಳ್ಳಕೆರೆಯನ್ನೂ ಮೀರಿಸುತ್ತದೆ. ನಿನ್ನ ಪಾಪುವಿನ ಊಟದ ವಿಷಯ ಫೋನಲ್ಲಿ ಹೇಳಿದರೆ ಜಗಳಕ್ಕೆ ತಿರುಗುತ್ತದೆ ಅಂತ ಕೂತು ಬರೆಯುತ್ತಿದ್ದೇನೆ.

ಅಂಗನವಾಡಿಯಲ್ಲಿ ಪಾಪುವಿನ ತೋಳಿಗೆ ಸುತ್ತಳತೆ ನೋಡುವ ಬಣ್ಣದ ಪಟ್ಟಿ ಸುತ್ತಿದಾಗ 12 ಸೆಂಟಿಮೀಟರ್ ಬಂತು, ಹಳದಿ ಅಂತ ನಿಮ್ಮತ್ತಿಗೆ ಹೇಳಿದಳು. 12.5 ದಾಟಿದರೆ ಹಸಿರು, ಚಿಂತೆಯಿಲ್ಲ. 11.5ಕ್ಕಿಂತ ಇಳಿದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. ಹಳದಿ ಎರಡರ ನಡುವೆ. 'ನಮ್ಮ ವಂಶವೇ ತೆಳ್ಳಗೆ' ಅಂತ ನೀನು ನಕ್ಕೆಯಂತೆ. ನಾನೂ ಹಾಗೇ ನಕ್ಕಿದ್ದೆ ಕಣೋ.

ನಮ್ಮ ಹುಡುಗ ಒಂದೂವರೆ ವರ್ಷದವನಿದ್ದಾಗ ಕೆಂಪಿಗೇ ಇಳಿದಿದ್ದ. ದುರ್ಗದ ಆಸ್ಪತ್ರೆಯಲ್ಲಿ ನಿಮ್ಮತ್ತಿಗೆ ಅವನನ್ನು ಇಟ್ಟುಕೊಂಡು 14 ದಿನ ಇದ್ದಳು. ನಾನು ಹೋಗಿದ್ದು ಎರಡೇ ಸಲ. ಅದೂ ಕೈಯಲ್ಲಿ ಚಿಪ್ಸ್ ಪ್ಯಾಕೆಟ್ ಹಿಡಿದುಕೊಂಡು! 'ಮನೇಲಿ ಸರಿಯಾಗಿ ತಿನ್ನಿಸಬಾರದಾ' ಅಂತ ಅವಳ ಮೇಲೇ ರೇಗಿದೆ. ಪಕ್ಕದಲ್ಲಿದ್ದ ನರ್ಸಮ್ಮ ಕೇಳಿದರು, 'ಸಂತೆಗೆ ಹೋಗೋರು ಯಾರು? ದುಡ್ಡು ಯಾರ ಜೇಬಲ್ಲಿರುತ್ತೆ?' ನನಗೆ ಮಾತೇ ಹೊರಡಲಿಲ್ಲ.

ಆರು ತಿಂಗಳಾದ ಮೇಲೆ ಎದೆಹಾಲೊಂದೇ ಸಾಲದು. ಹಾಲೂ ಇರಲಿ, ಜೊತೆಗೆ ಮೊದಮೊದಲು ದಿನಕ್ಕೆ ಎರಡು-ಮೂರು ಸಲ, ಒಂಬತ್ತು ತಿಂಗಳಾದ ಮೇಲೆ ಮೂರು-ನಾಲ್ಕು ಸಲ ಊಟ, ನಡುವೆ ಏನಾದರೂ ತಿನ್ನಲು. ಹೊಟ್ಟೆ ಚಿಕ್ಕದಲ್ವಾ, ತಿಳಿಸಾರಲ್ಲಿ ಕಲಸಿದ ಅನ್ನ ನಾಲ್ಕು ತುತ್ತಿಗೇ ತುಂಬಿಬಿಡುತ್ತದೆ, ಮೈಗೆ ಹತ್ತುವುದಿಲ್ಲ. ಚಮಚ ಓರೆ ಮಾಡಿದರೂ ಸುರಿಯಬಾರದು, ಅಷ್ಟು ಗಟ್ಟಿ ಇರಬೇಕು. ಮುದ್ದೆ ಕಿವುಚಿ ಬೇಳೆ, ನುಗ್ಗೆಸೊಪ್ಪು, ಒಂದು ಚಮಚ ತುಪ್ಪ. ಮೊಟ್ಟೆ ತಪ್ಪಿಸಬೇಡ. ಅವ್ವ ಟೀಗೆ ಬಿಸ್ಕತ್ತು ಅದ್ದಿ ಕೊಡುವುದನ್ನು ನೀನೇ ಬಿಡಿಸು. ಸೊಸೆ ಹೇಳಿದರೆ ರಂಪ, ಮಗ ಹೇಳಿದರೆ ಗೊಣಗಿಕೊಂಡಾದರೂ ಕೇಳುತ್ತಾಳೆ.

ನಮ್ಮ ಬುದ್ಧಿ ನೋಡು. ಹೊಲದ ಶೇಂಗಾವನ್ನೆಲ್ಲ ಮಂಡಿಗೆ ಹಾಕಿ, ಅದೇ ದುಡ್ಡಲ್ಲಿ ಮಗುವಿಗೆ ಐದು ರೂಪಾಯಿ ಪ್ಯಾಕೆಟ್ ತರುತ್ತೇವೆ! ಈ ಸಲ ಒಂದು ಚೀಲ ಮನೆಗೆ ಉಳಿಸು. ಹುರಿದು ನುಣ್ಣಗೆ ಪುಡಿ ಮಾಡಿ ರಾಗಿ ಸರಿಗೆ ಹಾಕು. ಇಡೀ ಕಾಳು ಮಾತ್ರ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ನಿನ್ನ ಹೆಂಡತಿ ಕಳೆ ಕಿತ್ತು ಮನೆಗೆ ಬರುವಷ್ಟರಲ್ಲಿ ಸಂಜೆ. ರಾತ್ರಿ ಊಟ ನೀನು ಮಾಡಿಸು. ಪಾಪುವಿಗೆ ಬೇರೆ ತಟ್ಟೆ ಇಡು, ಎಷ್ಟು ತಿಂದಿತು ಅಂತ ಗೊತ್ತಾಗುತ್ತದೆ. ಮೊದಲ ವಾರ ಉಗುಳುತ್ತದೆ, ನಿನ್ನ ಅಂಗಿಗೆಲ್ಲ ಬಳಿಯುತ್ತದೆ. ಸುಮ್ನೆ ಬೈಯಬೇಡ. ತೂಕ ಹಾಕಿಸಲೂ ನೀನೇ ಎತ್ತಿಕೊಂಡು ಹೋಗು. ಅಲ್ಲಿ ಬರೀ ಹೆಂಗಸರು ಅಂತ ನಾಚಬೇಡ.

ಈ ತಿಂಗಳು 2,000 ರೂಪಾಯಿ ಜಾಸ್ತಿ ಹಾಕಿದ್ದೇನೆ, ನಿನ್ನ ಹೆಂಡತಿಯ ಖಾತೆಗೆ. ಬೋರ್‌ವೆಲ್ ಸಾಲಕ್ಕೆ ಅದನ್ನು ಮುಟ್ಟಬೇಡ. ಅವ್ವನಿಗೆ ಮಂಡಿನೋವಿನ ಎಣ್ಣೆ ಊರಿಗೆ ಹೊರಟವರ ಕೈಲಿ ಕೊಟ್ಟಿದ್ದೇನೆ.

ಮುಂದಿನ ಶುಕ್ರವಾರ ರಾತ್ರಿ ವಿಡಿಯೊ ಕಾಲ್ ಮಾಡುತ್ತೇನೆ. ಪಾಪು ನಿನ್ನ ತೊಡೆ ಮೇಲಿರಬೇಕು, ತಟ್ಟೆ ಮುಂದಿರಬೇಕು.

ನಿನ್ನ ಅಣ್ಣ