ಚಪಲ್ ನೌಕೆಯ ಕಾಗದದ ಮಾದರಿ: ಮುದ್ರಣಕ್ಕೆ ಕೊಡುವ ಮುನ್ನ

ಸದಸ್ಯರ ಗಮನಕ್ಕೆ. ಕಾರವಾರದ ಟಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿರುವ ಹಳೆಯ ಕ್ಷಿಪಣಿ ನೌಕೆ ಐಎನ್‌ಎಸ್ ಚಪಲ್‌ನ ಕಾಗದದ ಮಾದರಿಯನ್ನು ಅಂಗಡಿಯ ಗ್ರಾಹಕರಿಗೆ ಜಾಹೀರಾತಾಗಿ ಉಚಿತವಾಗಿ ಕೊಡುವವರು ಅದನ್ನು ಒಂದೇ ಎ4 ಹಾಳೆಯಲ್ಲಿ ಮುಗಿಸಿ. ಮೊಬೈಲ್ ಜಾಹೀರಾತು ಬೆರಳಾಡಿಸಿದರೆ ಸರಿದುಹೋಗುತ್ತದೆ. ಮಕ್ಕಳು ಕೈಯಾರೆ ಅಂಟಿಸಿದ್ದು ಟಿವಿ ಪಕ್ಕದಲ್ಲೇ ಉಳಿಯುತ್ತದೆ.

ಕಾರ್ಡ್ 160ರಿಂದ 200 ಜಿಎಸ್‌ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಕದ್ದು) ಸಾಕು, 300ರದ್ದು ಮಡಿಕೆಯಲ್ಲಿ ಬಿರಿಯುತ್ತದೆ. ಕಷ್ಟವಿರುವುದು ನಾಲ್ಕು ಕ್ಷಿಪಣಿ ಕೊಳವೆಗಳಲ್ಲಿ: ಕಾಗದದ ನಾರು ಕೊಳವೆಯ ಉದ್ದಕ್ಕೇ ಇರಬೇಕು, ಅಡ್ಡವಾದರೆ ಸುತ್ತುವಾಗ ಸುಕ್ಕು ಬೀಳುತ್ತದೆ. ಪೆನ್ಸಿಲ್‌ಗೆ ಸುತ್ತಿ ಅಂಟಿಸಲು ಹೇಳಿ. ಅಂಟು ಹಚ್ಚುವ ಅಂಚುಪಟ್ಟಿ 6 ಮಿ.ಮೀ. ಅಗಲವಿರಲಿ; ಅದರ ಮೇಲೆ ಲ್ಯಾಮಿನೇಷನ್ ಖಂಡಿತ ಬೇಡ, ಫೆವಿಕಾಲ್ ಹಿಡಿಯುವುದಿಲ್ಲ. ಅಂಗಡಿಯ ಕ್ಯೂಆರ್ ಕೋಡ್ ಚಪ್ಪಟೆ ಪೀಠದ ಮೇಲೆ, ಕನಿಷ್ಠ 2 ಸೆಂ.ಮೀ.

ನಮ್ಮ ಮಳೆಗಾಲದ ತೇವಕ್ಕೆ ಇಂಕ್‌ಜೆಟ್ ಬಣ್ಣ ಹರಡುತ್ತದೆ. ಆಫ್‌ಸೆಟ್‌ನಲ್ಲೇ ಮಾಡಿಸಿ, ಕಟ್ಟುಗಳನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಮಲಗಿಸಿಡಿ, ನಿಲ್ಲಿಸಿಟ್ಟರೆ ಬಾಗುತ್ತವೆ.